“ಆ ಅಕ್ಷರವನ್ನೆಲ್ಲ ಎತ್ತಿಡವ್ವ”

“ಇದೇನ್ ತಾಯಿ, ಇರುವೆ ಗೂಡು ಕೆದಕ್ದಂಗೈತೆ!”

ಮೂರು ತಿಂಗಳ ನನ್ನ ದುಡಿಮೆಗೆ ಸಿಕ್ಕ ಪ್ರಶಂಸೆ ಇದು. ಹೇಳಿದವರು ಹಂದನಕೆರೆ ಕಡೆಯ ಒಂದು ತೆಂಗು ಬೆಳೆಗಾರರ ಸಂಘದ ಅಧ್ಯಕ್ಷ ಶಿವಣ್ಣ. ಸಂಘದ ನಿರ್ದೇಶಕರೆಲ್ಲ ಕಣ್ಣು ಕಿರಿದು ಮಾಡಿಕೊಂಡು, ಪ್ರೊಜೆಕ್ಟರ್ ಬೆಳಕು ಬಿದ್ದಿದ್ದ ಗೋಡೆಯನ್ನೇ ನೋಡುತ್ತಿದ್ದರು.

ತಿಪಟೂರಿನಲ್ಲಿ ನಮ್ಮದೊಂದು ಪುಟ್ಟ ಸಾಫ್ಟ್‌ವೇರ್ ಆಫೀಸಿದೆ. (ಪುಟ್ಟದು ಅಂದರೆ ನಾನು, ನನ್ನ ಸಹಾಯಕ ಲೋಕೇಶ, ಎರಡು ಲ್ಯಾಪ್‌ಟಾಪು, ಒಂದು ಫ್ಯಾನು.) ಯಾವ ಸದಸ್ಯರ ಹತ್ತಿರ ಎಷ್ಟು ಕೊಬ್ಬರಿ ಸಿದ್ಧವಿದೆ ಎಂದು ಸಂಘಕ್ಕೆ ಮೊಬೈಲಿನಲ್ಲೇ ತಿಳಿಯಬೇಕು. ಅಂಥದ್ದೊಂದು ಸಾಫ್ಟ್‌ವೇರ್ ಮಾಡಿಕೊಡುತ್ತೇವೆ ಎಂದಿದ್ದೆವು. ಎರಡು ಸಲ “ನೋಡಾನ” ಎಂದು ಕಳಿಸಿದ್ದರು. ಇದು ಮೂರನೆಯ ಸಭೆ. ಇವತ್ತೂ ಅರ್ಥವಾಗದಿದ್ದರೆ ಬೇಡವೇ ಬೇಡ ಎಂದು ಶಿವಣ್ಣ ಮೊದಲೇ ಫೋನಿನಲ್ಲಿ ಹೇಳಿಬಿಟ್ಟಿದ್ದರು.

ಮನೆ ಕಟ್ಟುವ ಮೊದಲು ಪ್ಲಾನ್ ಹಾಕುವುದಿಲ್ಲವೇ? ಸಾಫ್ಟ್‌ವೇರಿಗೂ ಹಾಗೇ. ಮಾಡೆಲಿಂಗ್ ಟೂಲ್ ಎಂಬುದರಲ್ಲಿ ನಕ್ಷೆ ಬರೆಯುತ್ತೇವೆ. ರೈತನಿಗೊಂದು ಚೌಕ, ತೋಟಕ್ಕೊಂದು ಚೌಕ, ನಡುವೆ ಗೆರೆ. ಪ್ರತಿ ಚೌಕದೊಳಗೂ ವಿವರ: ಹೆಸರು, ಊರು, ಸರ್ವೆ ನಂಬರು, ಮರಗಳೆಷ್ಟು, ಇನ್ನೂ ಏನೇನೋ.

ನಾನೋ, ಎಲ್ಲವನ್ನೂ ತೋರಿಸುವ ಪೈಕಿ. “ಮೇಡಂ, ಸ್ವಲ್ಪ ಹೈಡ್ ಮಾಡೋಣ” ಎಂದು ಲೋಕೇಶ ವಾರದಿಂದ ಗೋಗರೆಯುತ್ತಿದ್ದ. ಕೇಳುವವಳೇ ನಾನು? ಮುಚ್ಚಿಟ್ಟರೆ ಕೆಲಸ ಮಾಡಿದ್ದೇವೆಂದು ಯಾರು ನಂಬುತ್ತಾರೆ?

ಮುಂದಿನ ಸಾಲಿನಲ್ಲಿ ಕೂತಿದ್ದವರು ಸಿದ್ದಗಂಗಮ್ಮ. ಸಂಘದ ಏಕೈಕ ಮಹಿಳಾ ನಿರ್ದೇಶಕಿ. ಕೊಬ್ಬರಿ ಸುಲಿದು ಸುಲಿದು ಅಂಗೈ ಒರಟಾದ ಹೆಂಗಸು. ಅವರು ಮೆಲ್ಲಗೆ ಕೇಳಿದರು: “ಆ ಅಕ್ಷರವನ್ನೆಲ್ಲ ಎತ್ತಿಡವ್ವ. ಬರೀ ಹೆಸ್ರು ಬುಡು. ಆಯ್ತದಾ?”

ನನಗೆ ಸಿಟ್ಟು ಬಂತು. (ಸುಳ್ಳೇಕೆ ಹೇಳಲಿ?) ಆದರೂ ಟೂಲಿನ ಮೆನು ತೆರೆದು, ‘ವಿವರ ತೋರಿಸು’ ಎಂಬಲ್ಲಿದ್ದ ಟಿಕ್ ತೆಗೆದೆ. ಅಷ್ಟೇ! ಮೂರು ತಿಂಗಳ ಸಂಪತ್ತು ಮಾಯ. ಗೋಡೆಯ ಮೇಲೆ ಉಳಿದದ್ದು ಬರೀ ಹೆಸರು, ಬರೀ ಗೆರೆ.

ಸಿದ್ದಗಂಗಮ್ಮ ಎದ್ದು ಗೋಡೆಯ ಹತ್ತಿರ ಹೋದರು. ಒಂದೊಂದೇ ಚೌಕದ ಮೇಲೆ ಬೆರಳಿಟ್ಟರು.

“ತೋಟ... ಕಾಯಿ... ಕೊಬ್ಬರಿ... ಮಾರ್ಕೆಟ್ಟು. ಅಲ್ಲ ಕಣವ್ವ, ಕಾಯಿ ಕೆಡವಿದ್ ದಿನ್ವೇ ಕೊಬ್ಬರಿ ಆಯ್ತದಾ? ಅಟ್ಟ ಎಲ್ಲಿ?”

ನಕ್ಷೆಯನ್ನು ಈ ತುದಿಯಿಂದ ಆ ತುದಿಗೆ ಹುಡುಕಿದೆ. ಅಟ್ಟ ಇರಲಿಲ್ಲ.

ನಮ್ಮ ಸೀಮೆಯಲ್ಲಿ ಕಾಯಿ ಅಟ್ಟಕ್ಕೆ ಏರುತ್ತದೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಗಡಗಡ ಅನ್ನುವ ತನಕ ಹತ್ತು ಹನ್ನೊಂದು ತಿಂಗಳು ಅಲ್ಲೇ ಇರುತ್ತದೆ. ಆಮೇಲೆ ಒಡೆದರೆ ಉಂಡೆ ಕೊಬ್ಬರಿ. ಇದು ಒಂದನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ಆ ಅಟ್ಟದ ಕೆಳಗೇ ಚಾಪೆ ಹಾಸಿ ಮಲಗಿ ಬೆಳೆದವಳು ನಾನು! ರೈತನ ಪಿನ್‌ಕೋಡ್ ಕೂಡ ಬರೆದಿದ್ದೆ, ಅಟ್ಟವನ್ನು ಮರೆತಿದ್ದೆ. ನನ್ನ ಸಾಫ್ಟ್‌ವೇರ್ ಬಂದಿದ್ದರೆ ಬೆಳಗ್ಗೆ ಕಾಯಿ ಕೆಡವಿದರೆ ಸಂಜೆಗೇ ‘ಕೊಬ್ಬರಿ ಸಿದ್ಧ’ ಎಂದು ಸಂಘಕ್ಕೆ ಸುದ್ದಿ ಹೋಗುತ್ತಿತ್ತು.

“ನಿಮ್ ಕಂಪ್ಯೂಟ್ರೇ ಒಣಗಿಸ್ಕೊಡ್ತದೇನೋ ಬುಡಮ್ಮ!” ಎಂದರು ಶಿವಣ್ಣ. ಸಭೆ ಗೊಳ್ಳೆಂದಿತು. ನಾನೂ ನಕ್ಕೆ, ಬೇರೆ ದಾರಿ ಏನಿತ್ತು?

ನಗುತ್ತಲೇ ಕಾಯಿಗೂ ಕೊಬ್ಬರಿಗೂ ನಡುವೆ ಹೊಸ ಚೌಕ ಎಳೆದೆ: ಅಟ್ಟ. ಅದೊಂದರ ವಿವರ ಮಾತ್ರ ತೆರೆದಿಟ್ಟೆ. ಮಿಕ್ಕಿದ್ದೆಲ್ಲ ಬಂದ್. ನೋಡಿ ಆಗ! ಎರಡು ಸಭೆಗಳಲ್ಲಿ ತುಟಿ ಬಿಚ್ಚದವರೆಲ್ಲ ಒಟ್ಟಿಗೇ ಬಾಯಿ ಬಿಟ್ಟರು.

“ಯಾವ್ ತಿಂಗ್ಳ ಕೊಯ್ಲು ಅಂತ ಬರ್ಕೊಳ್ರಮ್ಮ.”

“ಅಣ್ಣತಮ್ಮಂದ್ರ ಕಾಯಿ ಒಂದೇ ಅಟ್ಟದಾಗೆ ಇರ್ತದೆ ಕಣ್ರೀ. ಅಟ್ಟದ ಯಾವ ಅಂಕಣ ಯಾರ ಪಾಲಿಂದು ಅಂತ್ಲೂ ಹಾಕಿ.”

ನಾನು ಟೈಪ್ ಮಾಡಿದ್ದೇ ಮಾಡಿದ್ದು. ಅರ್ಧ ಗಂಟೆಯಲ್ಲಿ ನಕ್ಷೆ ಅವರದಾಯಿತು. ಶಿವಣ್ಣ ಟವೆಲ್ ಕೊಡವಿ ಎದ್ದು, “ನಾಳಿಂದ್ಲೇ ಶುರು ಮಾಡ್ರಮ್ಮ” ಎಂದರು. ಗೆದ್ದೆವು! ತಿಪಟೂರಿನ ಬಸ್ಸಿನಲ್ಲಿ ಲೋಕೇಶ ಸೀಟು ಸಿಗದೆ ನಿಂತೇ ಸಿಳ್ಳೆ ಹಾಕಿದ. ನಾನು ತಡೆಯಲಿಲ್ಲ. ನನಗೂ ಬರುತ್ತಿದ್ದರೆ ಹಾಕುತ್ತಿದ್ದೆ.

ನನ್ನೊಬ್ಬಳ ರೋಗವೇ ಇದು? ಡಾಕ್ಟರು “ಎಲ್ಲಿ ನೋವು” ಎಂದರೆ ನಾವು ಹೋದ ವರ್ಷದ ಮದುವೆ ಊಟದಿಂದ ಶುರು ಮಾಡುತ್ತೇವೆ. ಅರ್ಜಿಗೆ ಹತ್ತು ಜೆರಾಕ್ಸ್ ಲಗತ್ತಿಸಿ, ಸಹಿ ಹಾಕುವುದನ್ನೇ ಮರೆಯುತ್ತೇವೆ. ವಿವರ ಬೇಕು, ನಿಜ. ಯಾವುದನ್ನು ಯಾವಾಗ ತೆರೆಯಬೇಕು ಅನ್ನುವುದೇ ಕಸುಬು. ಅದನ್ನು ನನಗೆ ಕಲಿಸಿದ್ದು ಕಾಲೇಜಲ್ಲ, ಸಿದ್ದಗಂಗಮ್ಮನವರ ಬೆರಳು.

ಈಗ ಯಾರಾದರೂ “ಏನನ್ನೂ ಬಿಟ್ಟಿಲ್ಲ, ಎಲ್ಲ ಇದರಲ್ಲೇ ಇದೆ” ಎಂದು ದಪ್ಪ ಫೈಲು ಮುಂದಿಟ್ಟರೆ ನಾನು ಕೇಳುವುದು ಒಂದೇ ಪ್ರಶ್ನೆ: ಸ್ವಾಮಿ, ಅಟ್ಟ ಎಲ್ಲಿ?