ಒಣಗಿದ ಭೀಮೆಯ ದಂಡೆಯಲ್ಲಿ

ನನ್ನನ್ನು ಕೊಡುವಾಗ ಅಪ್ಪ ಗಂಡನ್ನು ಸರಿಯಾಗಿ ನೋಡಿರಲಿಲ್ಲ, ಹೊಳೆಯನ್ನು ನೋಡಿದ್ದ. ದೇವರ ಹಿಪ್ಪರಗಿ ಕಡೆಯ ನಮ್ಮೂರಲ್ಲಿ ಬಾವಿ ನೀರು ಸವುಳು. ಅದರಲ್ಲಿ ತೊಗರಿಬೇಳೆ ಕೂಡ ಬೇಯುತ್ತಿರಲಿಲ್ಲ. "ನೀರಿನ ಊರಿಗೆ ಕೊಟ್ಟೇನಿ, ಇನ್ನ ನಿನಗ ಆ ಚಿಂತಿ ಇಲ್ಲ," ಎಂದು ಇಂಡಿ ತಾಲೂಕಿನ ಭೀಮಾ ದಂಡೆಯ ಊರಿಗೆ ಕಳಿಸಿಕೊಟ್ಟ.

ತೊಂಬತ್ತರ ದಶಕ ಮುಗಿಯುವವರೆಗೂ ಅವನ ಮಾತು ಸುಳ್ಳಾಗಲಿಲ್ಲ. ಬಿರುಬೇಸಿಗೆಯಲ್ಲೂ ಹೊಳೆಯಲ್ಲಿ ನೀರಿರುತ್ತಿತ್ತು. ಪಾತ್ರೆ ತೊಳೆದ ನೀರನ್ನು ನಾನು ಬೋಗುಣಿಯಲ್ಲಿ ಹಿಡಿದಿಟ್ಟರೆ ಅತ್ತೆ ನಗುತ್ತಿದ್ದಳು: "ಹೊಳಿ ದಂಡ್ಯಾಗ ನೀರು ಕೂಡಿಡಾಕಿ ನೀನೊಬ್ಬಾಕಿನ ನೋಡವಾ!"

ಆಮೇಲೆ ಹೊಳೆ ಹುಟ್ಟುವ ಸಹ್ಯಾದ್ರಿಯಲ್ಲಿ ಮಳೆ ಕೈಕೊಟ್ಟಿತು. ಆ ಗುಡ್ಡಗಳನ್ನು ಈ ಊರಿನ ಹೆಣ್ಣುಮಕ್ಕಳು ಯಾರೂ ಕಂಡವರಲ್ಲ. ಆದರೆ ನಮ್ಮ ಕೊಡ ತುಂಬಬೇಕಾದರೆ ಅಲ್ಲಿ ಮಳೆಯಾಗಬೇಕು, ಮೇಲಿನ ಅಣೆಕಟ್ಟು ತುಂಬಬೇಕು. ಮರುವರ್ಷವೂ ತುಂಬಲಿಲ್ಲ. ಹೊಳೆ ಬರೀ ಉಸುಕಾಯಿತು. ನಾವು ಉಸುಕಿನಲ್ಲಿ ಒರತೆ ತೋಡಿ, ಬಟ್ಟಲಿನಿಂದ ಬಳಿದು ಬಳಿದು ಕೊಡ ತುಂಬಿಸಿಕೊಂಡೆವು. ತೋಡಿದ ಗುಂಡಿಯಲ್ಲಿ ಸಿಹಿನೀರು ಮೆಲ್ಲಗೆ ಊರಿ ಬರುತ್ತಿತ್ತು.

ಅದೇ ಉಸುಕನ್ನು ತುಂಬಿ ಮಾರಲು ಟ್ರ್ಯಾಕ್ಟರುಗಳು ಇಳಿದವು. ಒಂದು ನನ್ನ ಮೈದುನನದು.

"ತಮ್ಮಾ, ಉಸುಕು ಹೋದ್ರ ಒರತಿ ಎಲ್ಲಿ ಉಳೀತಾವೋ?" ಎಂದು ಕೇಳಿದೆ.

"ಹೊಳಿ ಉಸುಕು ಮುಗೀತೈತೇನ್ರಿ ವೈನಿ? ಒಂದು ಸಲ ಹೊಳಿ ಬಂತಂದ್ರ ಮತ್ತ ಉಸುಕು ಬರ್ತೈತಿ. ನಾ ಬಿಟ್ರ ಮಂದಿ ಒಯ್ತಾರ."

ಗಂಡ ತಲೆ ಎತ್ತದೆ ಊಟ ಮಾಡುತ್ತಿದ್ದ. ಅತ್ತೆ ಕಿರಿಯ ಮಗನ ಪರ ನಿಂತಳು: "ದುಡಿಯೂ ಹುಡುಗನ ಬೆನ್ನ ಹತ್ತಬ್ಯಾಡ."

ಬೇಸಿಗೆ ಮುಗಿಯುವುದರೊಳಗೆ ನಮ್ಮ ಒರತೆಯಿದ್ದ ಜಾಗ ಆಳುದ್ದದ ತಗ್ಗಾಯಿತು. ತಳದಲ್ಲಿ ಬರೀ ಕರಿಮಣ್ಣು, ಒಂದು ಮೂಲೆಯಲ್ಲಿ ಮಾತ್ರ ಚೂರು ನೀರು. ನನಗೆ ಜ್ವರ ಬಂದ ಒಂದು ದಿನ ಅತ್ತೆಯೇ ಕೊಡ ಹೊತ್ತು ಹೋದಳು. ತಗ್ಗಿನ ಅಂಚು ಕುಸಿದು ಕೆಳಗೆ ಬಿದ್ದಳು. ಸೊಂಟದ ಎಲುಬು ಮುರಿಯಿತು. ವಿಜಾಪುರದ ದವಾಖಾನೆಯಿಂದ ಬಂದವಳು ಮತ್ತೆ ಏಳಲಿಲ್ಲ.

ನೋಡಲು ಬಂದವರಿಗೆ ಅವಳು ಹೇಳಿದ್ದು ಒಂದೇ: "ಸೊಸಿ ಹಾಸಿಗಿ ಹಿಡದಿದ್ಲು, ನಾನ ಹೋಗಬೇಕಾತು." ಪಕ್ಕದಲ್ಲೇ ಕುಳಿತ ಮೈದುನ ಎಲೆ ಅಡಿಕೆ ಜಗಿಯುತ್ತ ಕೇಳಿಸಿಕೊಳ್ಳುತ್ತಿದ್ದ. ಬಂದವರು ನನ್ನತ್ತ ತಿರುಗಿ ನೋಡುತ್ತಿದ್ದರು. ನಾನು ಅವರಿಗೆ ಚಹಾ ಮಾಡಿಕೊಡುತ್ತಿದ್ದೆ. ಅವಳ ಮೈ ಒರೆಸುತ್ತಿದ್ದವಳೂ ನಾನೇ. ಒರೆಸುವಾಗ ಬಾಯಿತನಕ ಬಂದ ಮಾತುಗಳನ್ನು ನುಂಗಿಕೊಂಡೆ; ಅವು ಇವತ್ತಿಗೂ ಕಹಿಯಾಗಿವೆ.

ಕೆಲವು ವರ್ಷಗಳಾದ ಮೇಲೆ ಸಹ್ಯಾದ್ರಿಯ ಗುಡ್ಡದ ಮೇಲೆ ಒಮ್ಮೆಲೇ ಮಳೆ ಸುರಿಯಿತು. ನಮ್ಮಲ್ಲಿ ಹನಿಯೂ ಇಲ್ಲ, ಸುಡುವ ಬಿಸಿಲು. ಆ ಬಿಸಿಲಲ್ಲೇ ಹೊಳೆ ಊರೊಳಗೆ ಬಂತು. ಮೇಲಿನ ಅಣೆಕಟ್ಟಿನ ಬಾಗಿಲು ತೆರೆದಿದ್ದರು. ಮೈದುನ ತಾಯಿಯನ್ನು ಬೆನ್ನ ಮೇಲೆ ಹೊತ್ತು, ಎದೆಮಟ್ಟದ ನೀರಲ್ಲಿ ನಡೆದು, ಎತ್ತರದಲ್ಲಿದ್ದ ಊರ ಶಾಲೆಗೆ ಮುಟ್ಟಿಸಿದ. ಅಲ್ಲಿ ಅವಳು ಕುಡಿಯಲು ನೀರು ಕೇಳಿದಳು. ಸುತ್ತ ಕಣ್ಣು ಹಾಯುವವರೆಗೂ ಕೆಂಪು ನೀರು. ಕುಡಿಯುವ ನೀರಿನ ಟ್ಯಾಂಕರ್ ಇನ್ನೂ ಬಂದಿರಲಿಲ್ಲ.

"ಎಷ್ಟೊತ್ತಿಗೆ ಬರ್ತೈತ್ರೀ?" ಎಂದು ಮೈದುನ ಕಂಡಕಂಡವರನ್ನು ಕೇಳುತ್ತ ಓಡಾಡಿದ. ನನಗೆ ಕನಿಕರ ಬರಲಿಲ್ಲ.

ಆ ಶಾಲೆಯಲ್ಲಿ ವಾಂತಿಭೇದಿ ಹಬ್ಬಿತು. ಅತ್ತೆ ಅಲ್ಲೇ ತೀರಿಕೊಂಡಳು. ಕೊನೆ ಗಳಿಗೆಯಲ್ಲಿ ನನ್ನ ಕೈ ಹಿಡಿದಳು. ಒಂದು ಮಾತು ಹೇಳಿದ್ದರೆ ಚೆನ್ನಾಗಿತ್ತು.

ನೀರು ಇಳಿದಾಗ ಮೈದುನನ ಮಾತೇ ಖರೆ ಆಗಿತ್ತು: ಹೊಳೆಯ ತುಂಬ ಹೊಸ ಉಸುಕು. ತಾಯಿಯ ದಿನಕರ್ಮ ಮುಗಿಸಿದ ವಾರವೇ ಅವನ ಟ್ರ್ಯಾಕ್ಟರ್ ಮತ್ತೆ ಇಳಿಯಿತು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಹಿಂದಿನ ಟ್ರೇಲರಿನಲ್ಲಿ ಸಲಿಕೆ ಹಿಡಿದು ನಿಂತವನು ನನ್ನ ಗಂಡ.