ಸಿಪ್ಪೆಯ ರಾಶಿಯಲ್ಲಿ ಸುಂದ್ರವ್ವನ ಕಣ್ಣು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಘೋಡಗೇರಿಯ ತಗಡಿನ ಶೆಡ್ಡಿನ ಮುಂದೆ ಗೋಕಾಕ ಸಂತೆಯ ಟ್ರ್ಯಾಕ್ಟರ್ ಬಂದು ಬಾಳೆಸಿಪ್ಪೆ, ಕೊಳೆತ ಆಲೂಗಡ್ಡೆ, ಬಾಳೆದಿಂಡು ಸುರಿದು ಹೋಗುತ್ತದೆ. ಅಬ್ಬಾ, ಆ ವಾಸನೆ! ಹೊಸಬರು ಮೂಗು ಮುಚ್ಚಿಕೊಂಡು ಮಾರುದೂರ ಸರಿಯುತ್ತಾರೆ. ಸುಂದ್ರವ್ವ ಮಾತ್ರ ಕಚ್ಚೆ ಬಿಗಿದು ರಾಶಿಯ ಮುಂದೆ ಕೂತು, ಹಾಡು ಗುನುಗುತ್ತ ಕೈಯಾಡಿಸುತ್ತಾರೆ. ಒಂದು ಬ್ಯಾಟರಿ ಸೆಲ್, ಒಂದು ಕೀಟನಾಶಕದ ಶೀಶೆ, ತುಕ್ಕು ಹಿಡಿದ ಬ್ಲೇಡು, ಎಲ್ಲ ಬೆನ್ನ ಹಿಂದಿನ ಡಬ್ಬಿಗೆ ಬೀಳುತ್ತವೆ. "ಬಂಗಾರ ಸಿಕ್ಕೈತಿ ನೋಡ್ರಿ!" ಎಂದು ಸೆಲ್ ಎತ್ತಿ ತೋರಿಸಿ ನಗುತ್ತಾರೆ.

ಆರಿಸಿದ ಸಿಪ್ಪೆಯನ್ನು ರುಬ್ಬಿ, ಕುದಿಸಿ, ಇಲ್ಲಿ ಹಾಳೆ ಎಳೆಯುತ್ತಾರೆ. ಮಣ್ಣಿನಲ್ಲಿ ಕರಗುವ ಪ್ಲಾಸ್ಟಿಕ್ ಅದು. ೨೦೦೧ರಲ್ಲಿ ಶೆಡ್ಡು ಶುರುವಾದಾಗಿನಿಂದ ಹುಕ್ಕೇರಿ, ಮೂಡಲಗಿ ಕಡೆಯ ರೈತರು ಸಸಿ ಬೆಳೆಸಲು ಇದರ ಚೀಲ ಒಯ್ಯುತ್ತಾರೆ. ಆದರೆ ಒಂದು ಸೆಲ್ ಕಣ್ತಪ್ಪಿ ಕಡಾಯಿಗೆ ಬಿದ್ದರೆ ವಿಷ ಹಾಳೆಗೆ ಇಳಿಯುತ್ತದೆ. ಹಾಳೆ ಕರಗಿದ ಮೇಲೂ ಅದು ಮಣ್ಣಿನಲ್ಲೇ ಉಳಿಯುತ್ತದೆ. ಅದಕ್ಕೇ ಸುಂದ್ರವ್ವ ಕೈಯಾಡಿಸದ ಬುಟ್ಟಿ ಒಳಗೆ ಹೋಗುವಂತಿಲ್ಲ.

ಮೊದಲು ಕಬ್ಬು ಕಡಿಯುವ ಗ್ಯಾಂಗಿನಲ್ಲಿ ದುಡಿದವರು ಇವರು. "ಕಬ್ಬಿನ ಗರಿ ಕೊಯ್ದು ಕೊಯ್ದು ಕೈ ಗಟ್ಟಿ ಆಗ್ಯಾವ್ರಿ. ಈ ಬ್ಲೇಡು ಏನ್ ಮಾಡ್ತೈತಿ!" ಎನ್ನುತ್ತಾರೆ. ಅವರಿಗಿದ್ದ ಹಂಬಲ ಒಂದೇ. ತಾವು ಆರಿಸಿದ ಸಿಪ್ಪೆಯಿಂದ ಮಂದಿ ಉಣ್ಣುವ ತಾಟು ಆಗಬೇಕು. "ಸಸಿಗಿ ಚೀಲ ಮಾಡಿದ್ದು ಸಾಕ್ರಿ ಬಾಯಾರ" ಎಂದು ಮಾಲಕಿ ತಾರಾಬಾಯಿಯವರ ಬೆನ್ನು ಬಿದ್ದಿದ್ದರು.

ಜೈನ ವ್ಯಾಪಾರಿ ಮನೆತನದ ತಾರಾಬಾಯಿ ನೀರನ್ನೂ ಬಟ್ಟೆಯಲ್ಲಿ ಸೋಸದೆ ಕುಡಿಯುವವರಲ್ಲ. ಅಂಥವರು ಈ ವರ್ಷ ಒಪ್ಪಿದರು. ಗೋಕಾಕದ ಮಿಠಾಯಿ ಅಂಗಡಿಯೊಂದು ದೀಪಾವಳಿಯ ಕರದಂಟಿಗೆ ತಾಟು ಕೇಳಿತ್ತು. ಪರೀಕ್ಷೆಯಲ್ಲಿ ತಾಟು ಕೆಟ್ಟರೆ ಉಣ್ಣುವ ಸಾಮಾನಿನ ಮಾತು ಅಲ್ಲಿಗೇ ಮುಗಿಯಿತು ಎಂದು ತಾರಾಬಾಯಿ ಮೊದಲೇ ಹೇಳಿಬಿಟ್ಟಿದ್ದರು.

ಅಷ್ಟರಲ್ಲಿ ಖಂಡೆ ಪೂಜೆ, ಅಂದರೆ ದಸರೆಯ ಆಯುಧ ಪೂಜೆ ಬಂತು. ಮರುದಿನ ಟ್ರ್ಯಾಕ್ಟರಿನ ತುಂಬ ಅಂಗಡಿ, ಗಿರಣಿಗಳ ಮುಂದೆ ಕಟ್ಟಿದ್ದ ಬಾಳೆಕಂಬ, ಒಡೆದ ಕುಂಬಳಕಾಯಿ. ಎಲ್ಲಕ್ಕೂ ಕುಂಕುಮ. ದೇವರಿಗೆ ಏರಿಸಿದ್ದನ್ನು ಸೆಲ್ಲು, ಶೀಶೆಯ ಡಬ್ಬಿಗೆ ಹಾಕಲು ಸುಂದ್ರವ್ವನ ಕೈ ಬರಲಿಲ್ಲ. ಭಕ್ತಿಯಿಂದ ಎತ್ತಿ ಕಡಾಯಿಗೆ ಹೋಗುವ ಚೊಕ್ಕ ಬುಟ್ಟಿಗೇ ಇಟ್ಟರು.

ತಾಟುಗಳು ಹೊರಬಂದಾಗ ಎಂಥ ಚೆಂದದ ಗುಲಾಬಿ ಬಣ್ಣ! ಯಂತ್ರ ನಡೆಸುವ ಉದ್ದಪ್ಪ ಶಿಳ್ಳೆ ಹೊಡೆದ. ತಾರಾಬಾಯಿ ಮಾತ್ರ ಒಂದು ತಾಟಿಗೆ ಬಿಸಿ ಹುಣಸೆನೀರು, ಇನ್ನೊಂದಕ್ಕೆ ತುಪ್ಪ ಹಾಕಿಟ್ಟು, ಆಮೇಲೆ ಬಿಳಿ ಬಟ್ಟೆಯಿಂದ ಒರೆಸಿದರು. ಬಟ್ಟೆ ಕೆಂಪಾಯಿತು.

"ದೇವರ ಮುಂದ ಇಟ್ಟಿದ್ದು ಹೊಲಸು ಹ್ಯಾಂಗ ಆಕ್ಕೈತ್ರಿ ಬಾಯಾರ?" ಸುಂದ್ರವ್ವ ಆ ಬಟ್ಟೆಯನ್ನು ಕೈಗೆತ್ತಿಕೊಂಡು ಕೇಳಿದರು.

"ದೇವರು ಚೊಕ್ಕ, ಖರೆ. ಸಂತ್ಯಾಗಿನ ಕುಂಕುಮಕ್ಕ ಏನ್ ಬಣ್ಣ ಕೂಡಿಸಿರ್ತಾರೋ ಯಾರಿಗಿ ಗೊತ್ತ, ಸುಂದ್ರವ್ವಾ?"

ತಾರಾಬಾಯಿ ಆ ತಾಟುಗಳನ್ನೆಲ್ಲ ಖೋಲಿಗೆ ಹಾಕಿ ಬೀಗ ಜಡಿದರು. ಸಸಿಚೀಲ ಮಾಡಲೂ ಅವು ಬೇಡವೆಂದರು. ದೀಪಾವಳಿಗೆ ಇನ್ನೂ ದಿನಗಳಿದ್ದವು. ಒಂದೇ ಒಂದು ಸಲ ಮತ್ತೆ ಮಾಡಿ ನೋಡೋಣ ಎಂದು ಸುಂದ್ರವ್ವ ಕಾಡಿ ಬೇಡಿ ಒಪ್ಪಿಸಿದರು. ಪೂಜೆಯ ವಸ್ತುಗಳಿಗೆ ಬೇವಿನ ಗಿಡದ ಬುಡದಲ್ಲಿ ಬೇರೆಯೇ ಜಾಗ ಮಾಡಿ, ಕೈ ಮುಗಿದು ಅಲ್ಲಿಟ್ಟರು. ಹೊಸ ರಾಶಿಯನ್ನು ಒಂದೊಂದೇ ಸಿಪ್ಪೆ ತಿರುವಿ ಆರಿಸಿದರು.

ಈ ಸಲ ತಾಟು ಬಾಳೆನಾರಿನ ಬಣ್ಣದಲ್ಲಿ ಸಪ್ಪಗೆ ಬಂತು. ಒರೆಸಿದ ಬಟ್ಟೆ ಬೆಳ್ಳಗೇ ಉಳಿಯಿತು. ಬಣ್ಣವಿಲ್ಲದ ವಿಷ ಬಟ್ಟೆಯಲ್ಲಿ ಕಾಣದಲ್ಲ, ಅದಕ್ಕೆ ಬೆಳಗಾವಿಯ ಪ್ರಯೋಗಾಲಯಕ್ಕೂ ಕಳಿಸಿದರು. ಅಲ್ಲಿಂದಲೂ ಅಡ್ಡಿಯಿಲ್ಲ ಎಂದು ಫೋನು ಬಂದಾಗ ಶೆಡ್ಡಿನಲ್ಲಿ ಹಬ್ಬವೋ ಹಬ್ಬ.

ಅಂಗಡಿಯ ಗಾಡಿ ಬಂದು ನಿಂತಿದೆ. ಉದ್ದಪ್ಪ ತಾಟು ಏರಿಸಲು ಹೊರಟರೆ ಸುಂದ್ರವ್ವ ತಡೆಯುತ್ತಾರೆ. ಮೇಲಿನ ತಾಟೊಂದನ್ನು ಎತ್ತಿಕೊಂಡು, ತಮ್ಮ ಬುತ್ತಿ ಬಿಚ್ಚಿ ರೊಟ್ಟಿ, ಬಿಸಿ ಮಾಡಿದ ಝುಣಕದ ಪಲ್ಯ, ಖಾರದ ಹಿಂಡಿ ಬಡಿಸಿಕೊಂಡು ಎಲ್ಲರೆದುರು ಉಣ್ಣುತ್ತಾರೆ. ಕೊನೆಯ ತುತ್ತಿನವರೆಗೂ ಗಾಡಿ ಕಾಯುತ್ತದೆ.

"ಹಾಂ, ಈಗ ಒಯ್ರಿ" ಎಂದು ಕೈ ತೊಳೆಯುತ್ತಾರೆ. "ಆರಿಸಿದಾಕಿ ನಾನು. ಮೊದಲ ನನ್ನ ಹೊಟ್ಟಿ, ಆಮ್ಯಾಲ ಮಂದೀದು."