ಅತ್ತೆ ಕಸಿದುಕೊಂಡ ಕತ್ತಿ

ಆಗ ನನಗೆ ಇಪ್ಪತ್ತನಾಲ್ಕು. ಅರವತ್ತು ವರ್ಷದ ಮೇಲಾಯಿತು. ಮೊನ್ನೆ ಪಕ್ಕದ ಮನೆಯಿಂದ ಕೋಳಿಯ ಪುಕ್ಕ ಸುಡುವ ವಾಸನೆ ಬಂತು, ಅತ್ತೆಯ ನೆನಪಾಯಿತು. ಹೂವಿನ ವಾಸನೆಗೆ ನೆನಪಾಗುವ ಜನ ಅಲ್ಲ ಅವರು.

ಅಜ್ಜಾವರದ ನಮ್ಮ ಮನೆಯಲ್ಲಿ ಹೆಂಡತಿ ಬಸುರಿಯಾದರೆ ಗಂಡ ಜೀವ ತೆಗೆಯುವ ಹಾಗಿಲ್ಲ. ಕೋಳಿ ಸಹ ಕೊಯ್ಯುವ ಹಾಗಿಲ್ಲ. ಮೂರನೆಯ ಹೆರಿಗೆಯಲ್ಲಿ ರಕ್ತ ಹೋಗಿ ನಾನು ಸಾಯುವುದರಲ್ಲಿದ್ದೆ. ಇನ್ನೊಂದಾದರೆ ಇವಳು ಉಳಿಯುದಿಲ್ಲ ಎಂದು ಪುತ್ತೂರಿನ ಡಾಕ್ಟರು ಹೇಳಿ ಕಳಿಸಿದ್ದರು. ವರ್ಷ ತುಂಬುವ ಮೊದಲೇ ಪುನಃ ಬಸುರಾದೆ. ಯಾರಿಗೂ ಹೇಳಲಿಲ್ಲ.

ನೆಂಟರು ಬಂದ ದಿನ ನನ್ನ ಗಂಡ ಹುಂಜ ಹಿಡಿದು ಕತ್ತಿ ತೆಗೆದರು. ಅತ್ತೆ ಬಂದು ಕತ್ತಿ ಕಸಿದುಕೊಂಡು ತಾವೇ ಕೊಯ್ದರು. ಇವರು ನನ್ನ ಮುಖ ನೋಡಿದರು.

ಹಿತ್ತಲಲ್ಲಿ ಪುಕ್ಕ ಕೀಳುತ್ತಾ ಅತ್ತೆಯ ಹತ್ತಿರ ಬಾಯಿ ಬಿಟ್ಟೆ. ತೆಗೆಸಬೇಕು ಅಂದೆ. ಕೈಕಾಲು ಮೂಡದ್ದು, ಹೆಸರಿಲ್ಲದ್ದು, ಅದೆಂತ ಲೆಕ್ಕಕ್ಕುಂಟಾ ಅಂದೆ.

"ಲೆಕ್ಕಕ್ಕಿಲ್ಲದ್ದಕ್ಕೆ ನಾನು ಮಗನ ಕೈಯಿಂದ ಕತ್ತಿ ತೆಗೆದದ್ದಾ ಮಾರಾಯ್ತಿ? ಕೊಲ್ಲುದೇ ಅದು. ಕೊಲ್ಲುದು ಅಂತಲೇ ಹೇಳು."

ನನಗೆ ಸಿಟ್ಟು ಬಂತು. ಹಾಗಾದರೆ ನಾನು ಸಾಯುದಾ ಅಂತ ಕೇಳಿದೆ.

"ನೀನು ಸತ್ತರೆ ಈ ಮೂರನ್ನು ಸಾಕುದು ಯಾರು, ನಿನ್ನ ಅಪ್ಪನಾ? ಹೊಟ್ಟೆಯಲ್ಲಿರುದಕ್ಕೂ ಬದುಕುವ ದಿನಗಳುಂಟು, ಅದನ್ನು ನಾವು ಕಿತ್ತುಕೊಳ್ಳುದು. ಆದರೂ ಕಿತ್ತುಕೊಳ್ಳುದೇ. ನಿನ್ನನ್ನು ಬಿಟ್ಟುಕೊಡ್ಲಿಕ್ಕೆ ನನ್ನಿಂದ ಆಗುದಿಲ್ಲ."

ಮದ್ದು ಅವರೇ ತಂದರು. ಎಲ್ಲಿಂದ ಅಂತ ನಾನು ಕೇಳಲಿಲ್ಲ. ಕುಡಿದು ಹೊಟ್ಟೆ ಹಿಡಿದುಕೊಂಡು ಬಿದ್ದಿದ್ದೆ... ನನ್ನ ಬಟ್ಟೆ ಒಗೆದದ್ದು ಅವರು, ಇಡೀ ಊರಿಗೆ ಬೈಯುತ್ತಾ.

ಅದೆಲ್ಲ ಮುಗಿದ ಮೇಲೆ ಮಗನಿಗೆ ಕತ್ತಿ ಕೊಡುತ್ತಾರೆ ಅಂದುಕೊಂಡಿದ್ದೆ. ಕೊಡಲಿಲ್ಲ. ಅದು ಹುಟ್ಟಬೇಕಾಗಿದ್ದ ತಿಂಗಳು ಕಳೆಯುವವರೆಗೆ ಕೋಳಿ ಕೊಯ್ದದ್ದೆಲ್ಲ ಅವರೇ. ಊರವರು ನನ್ನ ಹೊಟ್ಟೆ ನೋಡಿದ್ದೇ ನೋಡಿದ್ದು. ಕೇಳಿದವರಿಗೆ, ಮಗನಿಗೆ ಕೊಯ್ಲಿಕ್ಕೆ ಬರುದಿಲ್ಲ, ಕೋಳಿ ಅರ್ಧ ಕುತ್ತಿಗೆಯಲ್ಲಿ ಓಡ್ತದೆ ಎಂದು ನಗಿಸಿಬಿಡುತ್ತಿದ್ದರು. ಒಳಗೆ ಬಂದು ನಗುತ್ತಿರಲಿಲ್ಲ.

ತಪ್ಪು ಮಾಡಿದೆ ಅಂತ ನನಗೆ ಇವತ್ತಿಗೂ ಅನಿಸುದಿಲ್ಲ. ಏನೂ ಅಲ್ಲದ್ದನ್ನು ತೆಗೆದೆ ಅಂತಲೂ ಅನಿಸುದಿಲ್ಲ. ಎರಡನ್ನೂ ಒಟ್ಟಿಗೆ ಹೇಳಿದರೆ ಅರ್ಥ ಆಗುವ ಜನ ಅವರೊಬ್ಬರೇ ಇದ್ದದ್ದು. ಅವರು ಹೋಗಿ ಎಷ್ಟೋ ಕಾಲವಾಯಿತು...

ಹುಟ್ಟಬೇಕಾಗಿದ್ದ ಆ ತಿಂಗಳು ಕಳೆದ ಮೇಲೆ ಅತ್ತೆ ಮಗನ ಕೈಗೆ ಕತ್ತಿ ಕೊಟ್ಟರು. ಮರುದಿನ ಬೆಳಿಗ್ಗೆ ನಾನು ಅಟ್ಟದಿಂದ ತೊಟ್ಟಿಲು ಇಳಿಸಿದೆ. ಕೆಳಗಿನ ಮನೆಯವಳು ಮೊದಲೇ ಕೇಳಿದ್ದಳು. ತೊಳೆದು, ಬಿಸಿಲಿಗಿಟ್ಟು, ತಲೆಯ ಮೇಲೆ ಹೊತ್ತುಕೊಂಡು ಹೋಗಿ ಕೊಟ್ಟು ಬಂದೆ.